ಹನ್ನೊಂದು ಮೈಲಿ, ಹಳದಿ ಗೆರೆ

ಗಂಟೆಗೆ ಎಂಟು ಮೈಲಿ.
ಇಷ್ಟು ನಿಧಾನಕ್ಕೆ ಈ ರಸ್ತೆಯಲ್ಲಿ ಹೋಗುವುದು ಎರಡೇ:
ಶವಪೆಟ್ಟಿಗೆ ಹೊತ್ತ ಕಪ್ಪು ಕಾರು,
ಗೆರೆ ಎಳೆಯುವ ನನ್ನ ಲಾರಿ.

ಕಾನ್ಸಸ್ ರಾಜ್ಯದ ಕಡತದಲ್ಲಿ ಇದಕ್ಕೊಂದು ಮೂರಂಕಿಯ ಹೆಸರುಂಟು.
ಹಾಗೆ ಕರೆದವರನ್ನು ನಾನು ಕಂಡಿಲ್ಲ.
ವಿಲ್ಕಿನ್ ಊರಿನವರಿಗೆ ಇದು ‘ಆಚೆ ಹೋಗೋ ದಾರಿ’,
ಇಂಟರ್‌ಸ್ಟೇಟ್ ಪಕ್ಕದ ಬಂಕಿನ ಹುಡುಗನಿಗೆ ‘ಅಯ್ಯೋ, ಅದಾ?’
ನಕ್ಷೆಯ ಮಡಿಕೆ ನೇರ ಇದರ ಮೇಲೇ ಬೀಳುತ್ತದೆ;
ನನ್ನ ಹಳೇ ನಕ್ಷೆಯಲ್ಲಿ ಈಗ ಅಲ್ಲಿ
ಬರೀ ತೂತು.

ಹೊರಡುವ ಮುಂಚೆ ಧಾನ್ಯದ ಗೋಪುರದ ಕೆಳಗೆ
ಗೋಧಿ ಲಾರಿಗಳ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.
ತೂಕದ ಕಿಟಕಿಯಲ್ಲಿ ಆರ್ಡಿತ್ ಪ್ರೂಯೆಟ್
ಕನ್ನಡಕ ಹಣೆಗೇರಿಸಿ ಚೀಟಿ ಹರಿದು ಕೊಡುತ್ತಾಳೆ:
‘ಲೊರೀನ್, ತುಂಬಿದ್ದು.’
ಯಾಕೆ ತೂಗುತ್ತಾಳೋ, ಇಲಾಖೆ ಕೇಳಿಲ್ಲ. ನಾನೂ ಕೇಳಿಲ್ಲ.

ಒಂದನೇ ಮೈಲಿ, ಎರಡನೇ ಮೈಲಿ. ಗೋಧಿ. ಗೋಧಿ.
ಮೂರರಲ್ಲಿ ಡೆಲ್ವಿನ್ ಕೇನ್‌ನ ಅಂಚೆಡಬ್ಬಿ,
ಹಿಮ ತಳ್ಳುವ ಬಂಡಿಗೆ ಐದು ಸಲ ಬಲಿಯಾಗಿ
ಈಗ ಸರಪಳಿಯಲ್ಲಿ ಜೋತುಬಿದ್ದಿದೆ ತೊಟ್ಟಿಲ ಹಾಗೆ.
ಹೊಡೆದರೆ ತೂಗುತ್ತದೆ, ಬೀಳುವುದಿಲ್ಲ.
ಆರರಲ್ಲಿ ಸೇತುವೆ; ಕಟಕಟೆಯ ಮೇಲೆ
ಶಾಲೆ ಮುಚ್ಚಿದ ವರ್ಷ ಕಡೆಯದಾಗಿ ಪಾಸಾದ
ಒಂಬತ್ತು ಮಕ್ಕಳ ಹೆಸರು.
ಅದಕ್ಕೆ ಬಣ್ಣ ಬಳಿಯಿರಿ ಅಂತ ಪ್ರತಿವರ್ಷ ಆದೇಶ ಬರುತ್ತದೆ.
ಪ್ರತಿವರ್ಷ ಬೆಳ್ಳಿಬಣ್ಣ ಸಾಲದೆ ಹೋಗುತ್ತದೆ.

ಈಗುಳಿದ ಐದೇ ಮಕ್ಕಳ ಬಸ್ಸು, ಇಂಟರ್‌ಸ್ಟೇಟ್ ಹತ್ತಿ
ಬೇರೆ ಊರಿನ ಗಂಟೆಗೆ ಓಡಬೇಕಾದದ್ದು,
ನನ್ನ ಹಿಂದೆ ಸಿಕ್ಕಿಕೊಂಡು ತೆವಳುತ್ತದೆ.
ಮುಂದಿನ ಸೀಟಿನವನು ನಾಲಿಗೆ ಚಾಚುತ್ತಾನೆ, ಕನ್ನಡಿಯಲ್ಲಿ.
ಸರ್ಕಾರಿ ನೌಕರಳು ನಾನು.
ನಾನೂ ಚಾಚುತ್ತೇನೆ.

ಏಳು ದಾಟಿದ ಮೇಲೆ, ಆರು ವರ್ಷದ ಹಿಂದೆ, ಜೂನ್‌ನಲ್ಲಿ,
ನಟ್ಟನಡುವೆ ಒಂದು ಆಮೆ.
ಇಳಿದು ಎತ್ತಿಡಬಹುದಿತ್ತು. ಆದರೆ ಹಿಂದೆ ಬಾಣದ ದೀಪದ ಗಾಡಿ,
ಅದರ ಹಿಂದೆ ಬಸ್ಸು, ನನ್ನ ಬೆನ್ನಿಗೆ ಬಿಸಿ ಬಣ್ಣದ ಹಂಡೆ.
ಸನ್ನೆ ಎತ್ತಿದೆ.
ಆಮೆ ತಲೆ ಒಳಗೆಳೆದುಕೊಂಡಿತು, ನಳಿಕೆ ಹಾದುಹೋಯಿತು,
ಸನ್ನೆ ಇಳಿಸಿದೆ.
ಗೆರೆಯಲ್ಲಿ ಒಂದೂವರೆ ಗೇಣು ಕಪ್ಪು ಉಳಿಯಿತು.

ಮೇಲಧಿಕಾರಿ ಬರೆದ: ‘ದೋಷ. ಮುಂದಿನ ಬಾರಿ ಸರಿಪಡಿಸತಕ್ಕದ್ದು.’

ಮುಂದಿನ ಬಾರಿ ಮರೀಟಾ ಉನ್ರು ಕಾರು ನಿಲ್ಲಿಸಿ ಗಾಜು ಇಳಿಸಿದಳು,
ರಾತ್ರಿಪಾಳಿಯ ಆಸ್ಪತ್ರೆ ವಾಸನೆ, ಕಣ್ಣ ಕೆಳಗೆ ಮಸಿ:
‘ಮಂಜು ಬಿದ್ದಾಗ ನಾನು ಮೈಲಿಕಲ್ಲು ನೋಡಲ್ಲ.
ಗೆರೆ ತುಂಡಾದಲ್ಲಿ ಎಡಕ್ಕೆ ತಿರುಗ್ತೀನಿ, ಅದೇ ನಮ್ಮನೆ ಮಣ್ಣುದಾರಿ.
ಮುಚ್ಚಬೇಡ ಮಾರಾಯ್ತಿ.’
ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಕೈಗೆ ಒಂದೂವರೆ ಗೇಣಿನ ಲೆಕ್ಕ ಗೊತ್ತು, ಅಷ್ಟೆ.

ಹನ್ನೊಂದು ಮುಗಿಯುವ ಮುಂಚೆಯೇ ಕೇಳತೊಡಗುತ್ತದೆ
ಪಕ್ಕದ ಮನೆಯ ಬೀಸುಕಲ್ಲಿನಂಥ ಮೊರೆತ.
ಮೇಲೆ ಇಂಟರ್‌ಸ್ಟೇಟ್: ಕಡಲಿಂದ ಕಡಲಿಗೆ ಹೋಗುವವರು.
ಕೆಳಗೆ ನೋಡಲು ಅವರಿಗೇನಿದೆ,
ಗಾಳಿಪಟ ತನ್ನ ಬಾಲಂಗೋಚಿ ನೋಡಿಕೊಳ್ಳುವುದುಂಟೆ?
ಅದಿಲ್ಲದೆ ಎಷ್ಟು ಹೊತ್ತು ನೆಟ್ಟಗೆ ಹಾರುತ್ತದೆ ಅಂತ
ಹುಡುಗರನ್ನು ಕೇಳಿ.
ನಿಲುಗಡೆ ಫಲಕದಿಂದ ಹತ್ತಡಿ ಈಚೆ ನನ್ನ ಗೆರೆ ನಿಲ್ಲಬೇಕು, ನಿಯಮ.
ಅಲ್ಲಿಂದಾಚೆ ಬೇರೆಯವರ ಬಣ್ಣ.

ಮರಳಿ ಬಂದಾಗ ಸಂಜೆ. ಬೀಗ ಹಾಕುತ್ತಿದ್ದ ಆರ್ಡಿತ್
ದೀಪ ಮತ್ತೆ ಹಚ್ಚಿ ತೂಗಿದಳು: ‘ಲೊರೀನ್, ಖಾಲಿ.’
ಎರಡು ಚೀಟಿ ಪಕ್ಕಪಕ್ಕ ಇಟ್ಟು ಕಳೆದು
ಪೆನ್ಸಿಲಿನಲ್ಲಿ ಗೀಚಿ ತಲೆಯಾಡಿಸಿದಳು:
‘ಹೋದ ವರ್ಷಕ್ಕಿಂತ ಇಪ್ಪತ್ತು ಪೌಂಡು ಜಾಸ್ತಿ ಹಾಕಿದೀಯ.
ರಸ್ತೆ ಮೈ ತುಂಬ್ಕೊಳ್ತಾ ಇದೆ ಕಣೇ.’

ಸೇತುವೆ ಹತ್ತಿರ ಮರೆತು ಬಂದ ಎರಡು ಕೋನುಗಳ ವಿಷಯ
ನಾನು ಹೇಳಲಿಲ್ಲ.