ಪುಟ ಆರರಲ್ಲಿ ನಾನು

ಮಾವಿನ ಮಂಡಿಯಲ್ಲಿ ಬಿಲ್ಲು ಬರೆಯುವ ವನಜಾಕ್ಷಿ
ಒಂದು ಪುಸ್ತಕ ತಂದುಕೊಟ್ಟು, ಓದಿ ಅಣ್ಣ ಅಂದಳು.
ಹಳೇ ಬಿಲ್ಲುಗಳ ಹಿಂಬದಿ, ದಾರ ಹಾಕಿ ಹೊಲಿದದ್ದು.
ತಿರುಗಿಸಿದರೆ ಬಾದಾಮಿ ನಲವತ್ತು ಕ್ರೇಟು, ತೋತಾಪುರಿ ಎರಡು ಟನ್ನು;
ಈ ಕಡೆ ಅವಳ ಮಗನ ಕತೆ.

ಕತೆ ಅಂದರೆ ರಾಜ ರಾಣಿ ಇಲ್ಲ.
"ನಾನು ಲೋಹಿತ. ನನ್ನ ಕೂದಲು ಬೆಳೆಯುತ್ತದೆ.
ಕೂದಲು ಕತ್ತರಿಸಿದರೆ ನೋವಾಗುವುದಿಲ್ಲ"
ಅಂತ ಬರೆದು, ಅದನ್ನ ಹೊಡೆದುಹಾಕಿ,
ಕೆಳಗೆ ಸಣ್ಣಗೆ: "ಕೆಲವರಿಗೆ ಕಚಗುಳಿ. ಕೆಲವರಿಗೆ ನೋವು.
ನನಗೆ ಏನಾಗುತ್ತದೋ ನಾನು ಹೇಳಬಹುದು."

ಪುಟ ಆರರಲ್ಲಿ ನಾನಿದ್ದೆ.
ಯಾವಾಗ ಫೋಟೋ ಹಿಡಿದಳೋ, ಅಂಟಿಸಿದ್ದಾಳೆ.
"ಇವರು ಚಲಪತಿ ಅಣ್ಣ. ಇವರ ಕತ್ತರಿ ಕಚ್ ಕಚ್ ಅನ್ನುತ್ತದೆ.
ಆಮೇಲೆ ಸುಮ್ಮನಾಗುತ್ತದೆ.
ಚಲಪತಿ ಅಣ್ಣ ಹೇಳದೆ ಮುಟ್ಟುವುದಿಲ್ಲ."

ಇಪ್ಪತ್ತಾರು ವರ್ಷದ ಕಸುಬು, ಇದೇ ಶ್ರೀನಿವಾಸಪುರದಲ್ಲಿ.
ಹೇಳಿ ಮುಟ್ಟಿದ್ದು ಯಾರನ್ನ?
ತಲೆ ಅಂದರೆ ಹಿಡಿದು ಬಗ್ಗಿಸುವುದು,
ಗಲ್ಲ ಅಂದರೆ ಎರಡು ಬೆರಳಲ್ಲಿ ತಿರುಗಿಸುವುದು,
ತಹಶೀಲ್ದಾರರದ್ದಾದರೂ ಅಷ್ಟೇ.
ಹೋದ ವರ್ಷ ಈ ಹುಡುಗನ್ನ ಮೂವರು ಹಿಡಿದಿದ್ದೆವು.
ಕಾಲು ಒಬ್ಬ, ಕೈ ಒಬ್ಬ, ಮೆಶೀನು ನಾನು.
ಅವನ ಚೀರಾಟಕ್ಕೆ ಎದುರು ಬೇಕರಿಯವರು ಬಂದು ನಿಂತರು.
ಅದು ಪುಸ್ತಕದಲ್ಲಿಲ್ಲ.
ಎರಡು ಸಲ ಹುಡುಕಿದೆ.

ಮಂಗಳವಾರ ನಮ್ಮವರಿಗೆ ರಜಾ.
ಶಟರು ಅರ್ಧ ಇಳಿಸಿ, ಟಿವಿ ವೈರು ಕಿತ್ತು,
ಪುಟ ಆರರ ಚಲಪತಿ ಅಣ್ಣ ಆಗೋದಕ್ಕೆ ಕೂತೆ.
ಮೊದಲ ವಾರ ಬೆಂಚು. ಬೆಂಚು ಅಷ್ಟೇ.
ಎರಡನೇ ವಾರ ಕುರ್ಚಿ. ಖಾಲಿ ಕುರ್ಚಿ ತಾನೇ ತಿರುಗಿಸಿದ, ನಲವತ್ತು ಸುತ್ತು;
ನಾನು ಕನ್ನಡದಲ್ಲಿ ಎಣಿಸಿದೆ, ಅವನು ಅಜ್ಜಿಯ ತೆಲುಗಿನಲ್ಲಿ.
ಆಮೇಲೊಂದು ವಾರ ಅಮ್ಮನ ಜಡೆಗೆ ಸುಳ್ಳು ಕತ್ತರಿ.
ನಾಲ್ಕನೇ ವಾರ ಬಾಚಣಿಗೆ ಅವನ ಕೈಗೆ, ಕುರ್ಚಿಗೆ ನಾನು.
ಅಲ್ಲಿ ಕೂತರೆ ಕನ್ನಡಿ ಹೇಗಿರುತ್ತೆ ಅಂತ
ಇಷ್ಟು ವರ್ಷ ಗೊತ್ತೇ ಇರಲಿಲ್ಲ.
ಮುಖ ಕಾಣುತ್ತೆ. ಹಿಂದಿರುವ ಕೈ ಕಾಣೋದಿಲ್ಲ.

ಐದನೇ ವಾರ ಬಟ್ಟೆ ಹೊದಿಸಬೇಕು.
ಹುಡುಗ ಪುಟ ನೋಡಿದ, ನನ್ನ ನೋಡಿದ, ಮತ್ತೆ ಪುಟ ನೋಡಿದ.
ಕಿವಿ ಮುಚ್ಚಿಕೊಂಡ. "ಇದು ಅಲ್ಲ. ಇದು ಅಲ್ಲ."
ವನಜಾಕ್ಷಿಗೆ ಹೊಳೆಯಲಿಲ್ಲ, ನನಗೂ ಇಲ್ಲ,
ಚಿತ್ರದಲ್ಲಿ ನನ್ನ ಎಡಗೈಯಲ್ಲಿ ವಾಚು ಕಾಣೋವರೆಗೆ.
ಅದು ರಿಪೇರಿಗೆ ಹೋಗಿ ಎರಡು ದಿನ.

ಶಟರಡಿ ನುಸುಳಿ ಓಡಿದೆ. ರಸ್ತೆ ತುಂಬ ಮಾವಿನ ಲಾರಿ.
ಬೇಕರಿ ಹುಡುಗನ ವಾಚು ಬಿಚ್ಚಿಸಿಕೊಂಡು ಕಟ್ಟಿಕೊಂಡು ಬಂದೆ.
ನನ್ನದು ಬಿಳಿ, ಇದು ಕಪ್ಪು.
ಲೋಹಿತ ಬಹಳ ಹೊತ್ತು ಯೋಚಿಸಿದ.
ಅಮ್ಮನ ಚೀಲದಿಂದ ಬಿಲ್ಲಿನ ಪೆನ್ನು ತೆಗೆದು
ಚಿತ್ರದಲ್ಲಿರುವ ನನ್ನ ಕೈ ಮೇಲೆ ಗೀಚಿ ಗೀಚಿ
ಬಿಳಿ ವಾಚನ್ನ ಕಪ್ಪು ಮಾಡಿದ.
ಆಮೇಲೆ ಕತ್ತು ಚಾಚಿದ.

"ಎಡಗಿವಿ ಹತ್ರ ಬರ್ತೀನಿ" ಅಂದೆ. ಬಂದೆ.
"ಮೂರು ಸಲ ಕಚ್" ಅಂದೆ. ಮೂರೇ.
ಅರ್ಧ ತಲೆ ಆಗಿತ್ತು, ಸಾಕು ಅಂದ.
ಪುಟ ಒಂಬತ್ತು: "ನಾನು ಸಾಕು ಅಂದರೆ ನಿಲ್ಲಿಸುತ್ತಾರೆ."
ಒಂದು ಕಡೆ ಕಾಡು, ಒಂದು ಕಡೆ ಬಯಲು,
ಅಮ್ಮನ ಬೆರಳು ಹಿಡಿದು ಬಸ್‌ಸ್ಟ್ಯಾಂಡ್ ಕಡೆ ನಡೆದುಹೋದ.
ಉಳಿದದ್ದು ಬರೋ ಮಂಗಳವಾರ.

ಬುಧವಾರ ಮೊದಲ ಗಿರಾಕಿ ಗಂಗುಲಪ್ಪ.
ಸೋಪು ನೊರೆ ಮಾಡಿ ಗಲ್ಲದ ತನಕ ಬ್ರಷ್ಷು ಒಯ್ದವನು
ನಿಂತೆ.
"ಗಂಗುಲಪ್ಪಣ್ಣ, ಮುಟ್ತೀನಿ."
"ಏನಾಯ್ತೋ ನಿನಗೆ?" ಅಂದ.
ವಾಚು ವಾಪಸ್ ಕೊಡೋದು ಮರೆತಿದ್ದೆ, ಅದು ಬೇರೆ ಮಾತು.