ಹಸಿ ಅಕ್ರೋಟಿನ ಕರೆ

ಸೂಜಿ ಚುಚ್ಚಿದರೆ ಆಚೆ ಬದಿಗೆ
ಸಲೀಸಾಗಿ ಬರಬೇಕು. ಬಂದರೆ ಕಾಯಿ ಎಳೆಯದು,
ಒಳಗಿನ್ನೂ ಚಿಪ್ಪು ಕಟ್ಟಿಲ್ಲ. ಇಷ್ಟೇ ಪರೀಕ್ಷೆ.
ಕುತೈಸಿಯಲ್ಲಿ ಜೂನ್ ಮೊದಲ ವಾರ,
ಹಿತ್ತಿಲಲ್ಲಿ ನಿಂತು ಚುಚ್ಚುತ್ತಾಳೆ ನಮ್ಮಜ್ಜಿ, ಲಮಾರಾ ಬೆಬೋ.
ಹೊಲಿಗೆ ಬಿಟ್ಟು ಹತ್ತು ವರ್ಷವಾಯಿತು,
ಸೂಜಿ ಮಾತ್ರ ಕಾಲರು ಬಿಟ್ಟಿಲ್ಲ.

ನಾನು ಏಣಿಯ ಮೇಲೆ, ಅವಳು ಕೆಳಗೆ,
ಅವಳ ದನಿ ನನಗಿಂತ ಮೇಲೆ:
"ಅದಲ್ಲ, ಪಕ್ಕದ್ದು! ಕಣ್ಣೆಲ್ಲಿಟ್ಟಿದ್ದೀ ಮಾಕ್ವಾಲಾ?"

ಕಣ್ಣು ಎಲ್ಲಿತ್ತೆಂದರೆ, ಶನಿವಾರದ ಮದುವೆಯಲ್ಲಿ.
ಭಾನುವಾರಗಳಂದು ಹೊಳೆದಂಡೆಯ ಹಳೇ ಸಾಮಾನಿನವರ ಹತ್ತಿರ
ಯಾರದೋ ಬೀರು ಖಾಲಿಯಾಗಿ ಬಂದ ಬಟ್ಟೆ ಕೊಳ್ಳುವವಳು ನಾನು:
ಅಗಲ ಬೆಲ್ಟು, ದುಂಡು ಕಾಲರು,
ತಿರುಗಿದರೆ ಗಂಟೆಯ ಹಾಗೆ ಅರಳುವ ಲಂಗ.
ಎಲ್ಲಕ್ಕೂ ಮೂಲ ಗೋಡೆಯ ಮೇಲಿನ ಒಂದು ಫೋಟೋ.
ಸಾವಿರದ ಒಂಬೈನೂರ ಅರವತ್ತಮೂರು, ಬೆಬೋಗೆ ಹತ್ತೊಂಬತ್ತು,
ಚುಕ್ಕಿ ಚುಕ್ಕಿ ಫ್ರಾಕು, ಅಲೆ ಅಲೆ ಕೂದಲು,
ಮಣಿಕಟ್ಟಿನವರೆಗೆ ಬಿಳೀ ಜಾಲರಿಯ ಕೈಗವಸು.
ಏನು ಠೀವಿ! ಅಂಥದೇ ಒಂದು ಜೊತೆ
ಎರಡು ವರ್ಷ ಹುಡುಕಿ, ಚೌಕಾಸಿಗೆ ಸೋತು, ತಂದಿದ್ದೆ.

ಇನ್ನೂರು ಕಾಯಿ ಸುಲಿದೆವು.
ಬೆರಳು ಮೊದಲು ಹಳದಿ, ಆಮೇಲೆ ಜೇನಿನ ಬಣ್ಣ,
ದೀಪ ಹಚ್ಚುವ ಹೊತ್ತಿಗೆ ಬಾಣಲೆಯ ತಳ.
ನಿಂಬೆ ತಿಕ್ಕಿದೆ. ಉಪ್ಪು, ವಿನೆಗರು,
ಸಾರಿಗೆಂದು ಇಟ್ಟ ಹುಳಿ ಪ್ಲಮ್ಮಿನ ತಿರುಳು.
ಉಡುಪು ಯಾವುದೆಂದು ಕೇಳಲು ಮದುಮಗ ಝುರಾಬನ ತಾಯಿಯ ಕರೆ ಬಂತು.
ಕೈಯ ಕರೆ ಹೋಗಲಿಲ್ಲ.

ಇತ್ತ ಬೆಬೋ ಸಿಪ್ಪೆಯನ್ನೂ ಬಿಡಲಿಲ್ಲ.
ಕುದಿಸಿ, ಹರಿದ ಕಾಲ್ಚೀಲದಲ್ಲಿ ಸೋಸಿ,
ತುರಿಕೆಸೊಪ್ಪಿನ ನೀರು ಬೆರೆಸಿ ನರೆಗೆ ಹಚ್ಚಿಕೊಂಡಳು.
"ಅಂಗಡಿ ಬಣ್ಣ ತಲೆ ಮೇಲೆ ಕೂರುತ್ತೆ, ಇದು ಒಳಗಿಳಿಯುತ್ತೆ."
ಮುಖಕ್ಕೆ ಮೊಸರು, ಜೇನು.
ತಲೆಗೆ ಟವೆಲು ಸುತ್ತಿ ಪಟ್ಟದ ರಾಣಿಯಂತೆ ಕೂತಳು,
ಜೇನುಹುಳವೊಂದು ಬಂದು ಮೂಗಿನ ಸುತ್ತ
ಯೋಚಿಸುತ್ತ ಹಾರಿತು.

"ಸದ್ಯ, ಗವಸು ಇದೆ," ಅಂದೆ. ತೋರಿಸಿದೆ.
ನೋಡಿದಳು. ನಕ್ಕಳು,
ಮೊಸರು ಒಣಗಿದ ಕೆನ್ನೆ ಕೆರೆಯ ಕೆಸರಿನಂತೆ ಬಿರಿಯುವಷ್ಟು.

"ಹುಚ್ಚೀ, ಆ ಫೋಟೋ ತೆಗೆದದ್ದೂ ಜೂನಿನಲ್ಲೇ.
ಬೀದಿಯ ಅರ್ಧ ಮನೆಗಳ ಮುರಬ್ಬಕ್ಕೆ ಸುಲಿಯಲು ಹೋಗುತ್ತಿದ್ದೆ, ದುಡ್ಡಿಗೆ.
ಫೋಟೋ ನಿನ್ನಜ್ಜನ ತಾಯಿಗೆ ಹೋಗಬೇಕಿತ್ತು.
ಕೈ ಕಂಡರೆ ಗೊತ್ತಾಗುತ್ತಿತ್ತು.
ಫ್ರಾಕು ನನ್ನದೇ, ಪರದೆ ಹರಿದು ಹೊಲಿದದ್ದು.
ಗವಸು ಬ್ಯಾಂಕಿನ ಲೆಕ್ಕದವಳದು. ಸಂಜೆಯೇ ವಾಪಸು ಕೊಟ್ಟೆ."

ನಾನು ಫೋಟೋ ನೋಡಿದೆ.
ಅದರಲ್ಲಿ ಬೆಬೋ ಒಂದಿಷ್ಟೂ ಬದಲಾಗಲಿಲ್ಲ.
ನನಗೇ ಗವಸಿನೊಳಗಿನ ಬೆರಳು ಕಾಣಿಸತೊಡಗಿತು.

ಮೂರು ದಿನ ತಣ್ಣೀರು, ಒಂದು ರಾತ್ರಿ ಸುಣ್ಣದ ತಿಳಿ,
ಏಳು ನೀರಲ್ಲಿ ಗಲಬರಿಸಿ, ಲವಂಗ ಹಾಕಿ,
ಪಾಕ ಎರಡೆಳೆಗೆ ಬರುವವರೆಗೂ ಒಲೆಯ ಮುಂದೆ.
ಕಹಿ ಎಲ್ಲಿ ಹೋಯಿತೋ, ಕಾಯಿ ಕಪ್ಪಾಗಿ ಹೊಳೆಯಿತು.

ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ಬೆಬೋ
ಗವಸನ್ನು ನನ್ನ ಕೈಯಿಂದ ಮೆಲ್ಲಗೆ ಎಳೆದುಕೊಂಡಳು.
"ಒಂದು ಸಲ ಬರೀ ಚಂದಕ್ಕೆ ಹಾಕಿ ನೋಡುತ್ತೇನೆ," ಅಂದಳು.

ನಾನು ಬರಿಗೈಯಲ್ಲಿ ಹೋದೆ.
ಊಟದ ಮೇಜಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು,
ಮುತ್ತಿನ ಸರ, ಅಚ್ಚುಕಟ್ಟಾದ ತುರುಬು,
ಬ್ರೆಡ್ಡು ದಾಟಿಸುವಾಗ ನನ್ನ ಕೈ ಹಿಡಿದು ನಿಲ್ಲಿಸಿ
ಮೂಸಿದಳು. ಆಮೇಲೆ ತನ್ನ ಉಗುರು ತೋರಿಸಿದಳು,
ಹತ್ತೂ ಅಮಾವಾಸ್ಯೆ.

"ಎಷ್ಟು?"
"ಇನ್ನೂರು."
"ನಮ್ಮನೇಲಿ ಮುನ್ನೂರು," ಅಂದಳು,
ಬೀಗುತ್ತ.