ಲೆಕ್ಕಕ್ಕೆ ಸಿಗದ ಸುತ್ತು

ಆಗ ಇಲ್ಲಿ ಮನೆಗಳಿರಲಿಲ್ಲ.
ಬೇಸಿಗೆಗೆ ನಾಲೆ ನಿಲ್ಲಿಸಿದರೆ
ಮಂಡ್ಯದಾಚೆಯ ಈ ಕೆರೆಯಂಗಳ
ಒಣಗಿ ಹಪ್ಪಳವಾಗುತ್ತಿತ್ತು.
ಸುಣ್ಣದ ಡಬ್ಬ ಹಿಡಿದು ಮರಿಲಿಂಗು
ನೆಲದ ಮೇಲೊಂದು ವಂಕಿ ಉಂಗುರ ಎಳೆಯುತ್ತಿದ್ದ,
ಗೋಲಿಯಾಟಕ್ಕೆ ಗೆರೆ ಎಳೆದಷ್ಟೇ ಸಲೀಸಾಗಿ.
ಅದೇ ಟ್ರ್ಯಾಕು.

ನನಗೆ ಹದಿನೇಳು.
"ಮೇಷ್ಟ್ರ ಮಗಳು ಕಣ್ರಲಾ, ಮಗ್ಗಿ ತಪ್ಪಾಕಿಲ್ಲ" ಅಂತ
ತಂದು ಕೂರಿಸಿದರು ಎತ್ತಿಲ್ಲದ ಗಾಡಿಯ ಮೇಲೆ,
ಮೂಕಿಗೆ ಕಲ್ಲು ಕೊಟ್ಟು.
ಮಡಿಲಲ್ಲಿ ಹುಣಸೆಬೀಜ, ಎದುರು ಆರು ತೆಂಗಿನ ಚಿಪ್ಪು,
ಒಬ್ಬೊಬ್ಬ ಸವಾರನಿಗೆ ಒಂದೊಂದು.
ಬೈಕು ದಾಟಿದರೆ ಒಂದು ಬೀಜ, ಟಕ್.
ಮೊದಲು ಹನ್ನೆರಡು ಬಿದ್ದವನೇ ಗೆದ್ದವನು.

ಮೈಸೂರಿಂದ ಬರುತ್ತಿದ್ದರು ಜಾವಾ ಕಾರ್ಖಾನೆಯ ಹುಡುಗರು
ಶಿಫ್ಟು ಮುಗಿಸಿ, ರಾತ್ರಿಯೆಲ್ಲ ಕೂತು ಸೈಲೆನ್ಸರ್ ಕತ್ತರಿಸಿ.
ಸಿಪ್ರಿಯನ್, ಯಾದವಗಿರಿಯವನು,
ಬೆಂಕಿಕಡ್ಡಿ ಕಚ್ಚಿಕೊಂಡೇ ಓಡಿಸುವವನು.
ನಮ್ಮವನು ಜಬೀವುಲ್ಲಾ, ಪೇಟೆಬೀದಿಯ ವೆಲ್ಡಿಂಗಿನವನು;
ಮೂರು ಗಾಡಿಯ ಮೂಳೆ ಸೇರಿಸಿ ಒಂದು ಮಾಡಿದ್ದ,
ಟ್ಯಾಂಕಿಗೆ ಕಿಟಕಿಸರಳಿನ ಕೆಂಪು ಬಣ್ಣ.
"ಎಲ್ಲಿ ಕಲ್ತೆ ಓಡ್ಸೋದ?" ಅಂದರೆ
"ಬಿದ್ದು" ಅನ್ನುತ್ತಿದ್ದ. ಅಷ್ಟೇ.

ಜನ?
ಆಲೆಮನೆಗೆ ಆಲೆಮನೆಯೇ ಬಂದು ಕೂತಿರುತ್ತಿತ್ತು ಏರಿಯ ಮೇಲೆ.
ಕಳ್ಳೆಕಾಯಿ, ಕಬ್ಬಿನ ಹಾಲು, ಒಂದು ಮೈಕು.
ಮೈಕಿನವನು ಸುತ್ತು ಸುತ್ತಿನ ನಡುವೆ
ಯಾರದೋ ತಪ್ಪಿಸಿಕೊಂಡ ಎಮ್ಮೆಯ
ಕೊಂಬಿನ ಗುರುತು ಹೇಳುತ್ತಿದ್ದ.

ಇನ್ನು ಕೊನೆಯ ವರ್ಷದ ಮಾತು.
ಕೊನೆಯದೆಂದು ಯಾರಿಗೂ ಗೊತ್ತಿರಲಿಲ್ಲ.
ಧೂಳು ಕೂರಿಸಬೇಕಿದ್ದ ನೀರಿನ ಟ್ಯಾಂಕರು
ಯಾವುದೋ ಮದುವೆಗೆ ಹೋಗಿತ್ತು.
ಹತ್ತನೇ ಸುತ್ತಿಗೆ, ಬೇವಿನ ತಿರುವಿನಲ್ಲಿ
ಮಣ್ಣು ಎದ್ದು ನಿಂತಿತು, ಗೋಡೆಯ ಹಾಗೆ.
ಒಳಗಿಂದ ಸದ್ದು ಮಾತ್ರ,
ಮುಂದೆ ಬಂತು, ದಾಟಿತು, ಹೋಯಿತು.
ಸದ್ದಿಗೆ ನಂಬರು ಬರೆದಿರುವುದಿಲ್ಲ.
ಬೆವೆತ ಬೀಜ ಬೆರಳಲ್ಲಿ ಜಾರುತ್ತಿತ್ತು.
ಹಾಕಿದೆ, ಒಂದರಲ್ಲಿ.

ಸಿಪ್ರಿಯನ್ನನ ಕಣ್ಣು ಕಂದು ಅನ್ನುವುದಕ್ಕೂ
ಬೀಜ ಬಿದ್ದ ಚಿಪ್ಪಿಗೂ ಸಂಬಂಧವಿಲ್ಲ.
ನಲವತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ,
ಯಾರೂ ಕೇಳದಿದ್ದರೂ.

ಕಪ್ಪು ಮೈಸೂರಿಗೆ ಹೋಯಿತು.
ಜಬೀವುಲ್ಲಾ ಬಂದ, ಹೆಲ್ಮೆಟ್ಟು ಕಂಕುಳಲ್ಲಿ,
ಹುಬ್ಬಿನವರೆಗೆ ಮಣ್ಣು.
ತನ್ನ ಚಿಪ್ಪಿನ ಬೀಜ ಎಣಿಸಿದ. ಹನ್ನೊಂದು.
ಮತ್ತೆ ಎಣಿಸಿದ.
ನನ್ನ ಮುಖ ನೋಡಿದ.
ಒಂದು ಬೀಜ ತೆಗೆದು ಬಾಯಿಗೆ ಹಾಕಿಕೊಂಡು
ಅಗಿಯುತ್ತಾ ಹೋದ.
ಹುರಿಯದ ಬೀಜ. ಹಲ್ಲು ಮುರಿಯುವಂಥದು.

ಮಾರನೆ ವರ್ಷ ಸುಣ್ಣ ಬೀಳಲಿಲ್ಲ.
ಮಳೆ ಬೇಗ ಬಂತು ಅಂದರು,
ಪೊಲೀಸರ ಪರವಾನಗಿ ಅಂದರು,
ಮರಿಲಿಂಗುವಿಗೆ ಮದುವೆಯಾಯಿತು ಅಂದರು.
ಅತ್ತ ಕಾರ್ಖಾನೆ ಸೊರಗಿ ಸೊರಗಿ ಬೀಗ ಹಾಕಿಕೊಂಡಿತು.
ನಿಲ್ಲಿಸಿದೆವು ಅಂತ ಮಾತ್ರ ಯಾರೂ ಹೇಳಲಿಲ್ಲ;
ಪೆಟ್ರೋಲು ತೀರಿದ ಗಾಡಿ
ಇಳಿಜಾರಲ್ಲಿ ಇನ್ನೊಂದಿಷ್ಟು ಉರುಳುತ್ತದಲ್ಲ,
ಹಾಗೆ ಮಾತಿನಲ್ಲಿ ಒಂದೆರಡು ವರ್ಷ ಉರುಳಿ
ನಿಂತಿತು.

ಈಗ ಇದು ಬಡಾವಣೆ.
ನನ್ನದೂ ಒಂದು ಸೈಟು, ಮೂವತ್ತು ನಲವತ್ತು,
ಎರಡನೇ ಅಡ್ಡರಸ್ತೆ, ನಲ್ಲಿ ಬರುವುದು ದಿನ ಬಿಟ್ಟು ದಿನ.
ಬೆಳಿಗ್ಗೆ ವಾಕಿಂಗು, ಡಾಕ್ಟರ ಅಪ್ಪಣೆ.
ರಸ್ತೆಗಳೆಲ್ಲ ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗೆ.
ನಾನು ಮಾತ್ರ ಬೇವಿನ ಹತ್ತಿರ ಬಂದರೆ
ಸ್ವಲ್ಪ ಎಡಕ್ಕೆ ವಾಲುತ್ತೇನೆ.
"ಮಂಡಿ ನೋವಾ ಮಿಸ್?" ಅನ್ನುತ್ತಾರೆ ಜೊತೆಯವರು.
ಹೌದು ಅನ್ನುತ್ತೇನೆ.

ಪೇಟೆಬೀದಿಯಲ್ಲಿ ಆ ವೆಲ್ಡಿಂಗ್ ಅಂಗಡಿ
ಮೊಮ್ಮಗನ ಕೈಯಲ್ಲಿ ಈಗಲೂ ಇದೆ.
ಗೇಟು ಮಾಡಿಸಲು ಹೋದವಳು
ಬೇರೆ ಕಡೆ ಮಾಡಿಸಿಕೊಂಡು ಬಂದೆ.
ಹುಣಸೆಹಣ್ಣು ಬಿಡಿಸುವ ದಿನ
ಬೀಜವೆಲ್ಲ ಮೊರದ ಒಂದು ಮೂಲೆಗೆ ತಳ್ಳುತ್ತೇನೆ,
ಬೊಗಸೆಯಲ್ಲಿ ಎತ್ತಿ ಹೊರಗೆ ಹಾಕುತ್ತೇನೆ.
ಎಣಿಸುವುದಿಲ್ಲ.